ಕಿವಿ ಹಿಂಡಿಕೊಳ್ಳುವ ಧ್ಯಾನ

ಮಂಗಳೂರಿನ ಕದ್ರಿ ಗುಡ್ಡದ ಬುಡದ ಹೋಟೆಲು. ಗೋಳಿಬಜೆ ಇನ್ನೂ ಎಣ್ಣೆಯಲ್ಲೇ ಇತ್ತು.

"ಬರುವ ಆದಿತ್ಯವಾರದಿಂದ ಬೌದ್ಧ ಧ್ಯಾನಕೇಂದ್ರಕ್ಕೆ ಹೋಗುವ ಅಂತ," ಎಂದ ಸುಕೇಶ. "ಎಂತ ಉಂಟು ಅದ್ರಲ್ಲಿ? ಕಣ್ಣು ಮುಚ್ಚಿ ಕೂತ್ರೆ ಆಯ್ತಲ್ವಾ?"

"ಆ ಕೂರುವುದೇ ಕಷ್ಟ ಮಾರಾಯ," ರಮಣಣ್ಣ ಲೋಟ ಇಟ್ಟರು. "4-5 ಇಂಚಿನ ಗಟ್ಟಿ ದಿಂಬು ಬೇಕು. ನಡುವಿನಲ್ಲಿ ಕೂರುವುದಲ್ಲ, ಮುಂದಿನ ಅಂಚಿನಲ್ಲಿ. ಮೊಣಕಾಲು ಸೊಂಟಕ್ಕಿಂತ ಕೆಳಗಿದ್ರೆ ಬೆನ್ನು ತಾನಾಗಿ ನೆಟ್ಟಗಾಗ್ತದೆ. ಮೇಲಿದ್ರೆ ಬೆನ್ನು ಕೊಕ್ಕೆ, ಹತ್ತು ನಿಮಿಷಕ್ಕೆ ನೋವು ಶುರು."

"ಕಾಲು ಜೋಮು ಹಿಡಿದ್ರೆ?"

"ನರ ಒತ್ತಿದ್ದಕ್ಕೆ ಅದು. ಮೆಲ್ಲ ಕಾಲು ಬದಲಾಯಿಸು. ಗಂಟೆ ಹೊಡೆದ ಕೂಡ್ಲೆ ಎದ್ದು ನಿಂತ್ಯೋ, ಪಕ್ಕದವರ ಮಡಿಲಿಗೇ ಬೀಳ್ತಿ. ಮೇಲೆ ದೇವಸ್ಥಾನದಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಕೂರಿಸಿದ ಲೋಕೇಶ್ವರ ಇದ್ದಾನಲ್ಲ, ಮೂರು ಮುಖ, ಆರು ಕೈ, ಸಾವಿರ ವರ್ಷದಿಂದ ಕಾಲು ಬದಲಾಯಿಸ್ಲಿಲ್ಲ. ಅವ ಕಂಚು. ನೀನು ಬೇಕಾದ್ರೆ ಕುರ್ಚಿಯಲ್ಲಿ ಕೂರು."

ಪ್ರೇಮಕ್ಕನಿಗೆ ಉಸಿರಿನ ವಿಷಯ ಬರುವವರೆಗೆ ತಾಳ್ಮೆ ಇರಲಿಲ್ಲ. "ಉಸಿರು ಎಳೆದು ಬಿಡಬೇಡ, ಇದು ಪ್ರಾಣಾಯಾಮ ಅಲ್ಲ, ಆನಾಪಾನಸತಿ, ಅಂದ್ರೆ ಒಳಗೆ ಹೊರಗೆ ಹೋಗುವ ಉಸಿರನ್ನು ಗಮನಿಸುವುದು. ಮೂಗಿನ ತುದಿಯಲ್ಲಿ ಗಾಳಿ ತಾಗುವುದು ಗೊತ್ತಾದ್ರೆ ಸಾಕು. ಎಣಿಸು. ಹಳೆಯ ಬೌದ್ಧ ಪಂಡಿತ ಬುದ್ಧಘೋಷ 'ವಿಶುದ್ಧಿಮಗ್ಗ' ಎಂಬ ಪಾಲಿ ಗ್ರಂಥದಲ್ಲಿ ಲೆಕ್ಕ ಕೊಟ್ಟಿದ್ದಾರೆ: 5ಕ್ಕಿಂತ ಮೊದಲು ನಿಲ್ಲಿಸಬಾರ್ದು, 10 ದಾಟಬಾರ್ದು. ಐದಕ್ಕೂ ಮೊದಲೇ ನಿಲ್ಲಿಸಿದ್ರೆ ಮನಸ್ಸು ಸಣ್ಣ ಹಟ್ಟಿಯಲ್ಲಿ ತುಂಬಿಸಿದ ದನದ ಹಾಗೆ ಒದ್ದಾಡ್ತದೆ. ಹತ್ತು ದಾಟಿದ್ರೆ ಉಸಿರು ಬಿಟ್ಟು ಸಂಖ್ಯೆಯನ್ನೇ ಹಿಡಿದು ಹೋಗ್ತದೆ."

"ನಡುವಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ನೆನಪಾದ್ರೆ?"

"ಬಂಗುಡೆಗೆ ಹೋಗಿದ್ದೇನೆ ಅಂತ ಗೊತ್ತಾಯ್ತಲ್ಲ, ಅದೇ ಕೆಲಸ. ಬೈದುಕೊಳ್ಳದೆ ಪುನಃ ಒಂದರಿಂದ ಶುರು ಮಾಡು. ಹದಿನೇಳು, ಹದಿನೆಂಟು ಅಂತ ಹೋಗ್ತಾ ಉಂಟಾದ್ರೆ ನಾಲಿಗೆ ಮಾತ್ರ ಧ್ಯಾನದಲ್ಲಿ, ನೀನು ಮೀನಿನ ಧಕ್ಕೆಯಲ್ಲಿ."

"ಸೊಳ್ಳೆ?"

"ಹೊಡೆಯುವ ಹಾಗಿಲ್ಲ, ಪಂಚಶೀಲದಲ್ಲಿ ಮೊದಲನೆಯದೇ ಅದು. ತುಂಬುತೋಳಿನ ಅಂಗಿ ಹಾಕು."

"ಮಧ್ಯಾಹ್ನ ಊಟ ಆಗಿ ಕೂತ್ರೆ?"

ಇಬ್ಬರೂ ನಕ್ಕರು. "ಕುಚ್ಚಲಕ್ಕಿ ಅನ್ನ, ಮೇಲಿಂದ ನಮ್ಮೂರಿನ ಸೆಕೆ! ಆ ಹೊತ್ತಿಗೆ ಬರುವ ಸಮಾಧಿಯನ್ನು ನಂಬಬೇಡ," ಎಂದರು ರಮಣಣ್ಣ. "ಗಲ್ಲ ಎದೆಗೆ ತಾಗಿ ಫಕ್ಕನೆ ತಲೆ ಎದ್ದಿತಾದ್ರೆ ಅದು ನಿದ್ದೆ. ಪಾಲಿಯಲ್ಲಿ ಥೀನಮಿದ್ಧ, ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಒಂದು. ಬುದ್ಧನ ದೊಡ್ಡ ಶಿಷ್ಯ ಮೊಗ್ಗಲ್ಲಾನರೇ ತೂಕಡಿಸಿದ್ರಂತೆ. ಬುದ್ಧ ಸಾಲಾಗಿ ಉಪಾಯ ಹೇಳಿದ: ನಿದ್ದೆ ತಂದ ಯೋಚನೆ ಬಿಡು, ಕೇಳಿದ ಧರ್ಮವನ್ನು ಮನಸ್ಸಿನಲ್ಲೇ ತಿರುವಿ ಹಾಕು, ಬಾಯಲ್ಲಿ ಹೇಳು. ಆಗ್ಲಿಲ್ವಾ, ಎರಡೂ ಕಿವಿ ಹಿಂಡಿಕೋ, ಕೈಕಾಲು ಉಜ್ಜು. ಎದ್ದು ಕಣ್ಣಿಗೆ ನೀರು ಹಾಕಿ ದಿಕ್ಕು, ನಕ್ಷತ್ರ ನೋಡು. ಬೆಳಕನ್ನು ನೆನೆ. ಹಿಂದೆ ಮುಂದೆ ನಡೆ."

"ನಡೆದ್ರೂ ಬಂದ್ರೆ?"

"ಮಲಗು."

ಸುಕೇಶನ ಮುಖ ಅರಳಿತು. "ಹಾಗಾದ್ರೆ ಅದರಿಂದಲೇ ಶುರು ಮಾಡಬಹುದಲ್ಲ ಅಣ್ಣ?"

"ಅದಕ್ಕೂ ಕ್ರಮ ಉಂಟು," ಎಂದಳು ಪ್ರೇಮಕ್ಕ. "ಬಲ ಮಗ್ಗುಲು, ಪಾದದ ಮೇಲೆ ಪಾದ. ಏಳುವ ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಲಗಬೇಕು. ಎಚ್ಚರ ಆದ ಕೂಡ್ಲೆ ಏಳಬೇಕು."

"ಐದು ನಿಮಿಷ ಬಿಟ್ಟು ಅಂತ ಇಲ್ವಾ?"

"ಮೊಗ್ಗಲ್ಲಾನರ ಹತ್ರ ಮೊಬೈಲ್ ಇರ್ಲಿಲ್ಲ. ಗೋಳಿಬಜೆ ಬಂತು, ತಿನ್ನು. ತಣಿದ್ರೆ ರಬ್ಬರ್ ಅದು."