ಹುಳಕ್ಕೆ ಜ್ವರವೋ, ನಿದ್ದೆಯೋ?

ಗೆಳೆಯರೇ,

ಇಟಲಿಯ ಲೊಂಬಾರ್ಡಿ ಕಡೆಯ ಒಂದು ರೈತ ಮನೆತನ ತಲೆಮಾರುಗಟ್ಟಲೆ ರೇಷ್ಮೆಹುಳು ಸಾಕಿದ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಹುಳು ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ತಲೆ ಎತ್ತಿ ಅಲುಗಾಡದೆ ಇರುತ್ತಲ್ಲ, ಅದಕ್ಕೆ ನಮ್ಮಲ್ಲಿ ‘ಜ್ವರ’ ಅಂತಾರೆ. ಶಿಡ್ಲಘಟ್ಟದ ಹತ್ತಿರ ನಮ್ಮಜ್ಜಿ ಮನೆಯಲ್ಲಿ ‘ಹುಳ ಎರಡನೇ ಜ್ವರಕ್ಕೆ ಕೂತವೆ, ಸೊಪ್ಪು ಹಾಕಬೇಡ್ರೋ’ ಅನ್ನೋದು ಕೇಳಿ ಕೇಳಿ ಬೆಳೆದವನು ನಾನು. ಇಟಲಿಯವರಿಗೆ ಇದು ‘ನಿದ್ದೆ’. ಒಟ್ಟು ನಾಲ್ಕು ನಿದ್ದೆ. ಅದರಲ್ಲಿ ಒಂದರ ಹೆಸರು ‘ಗ್ರೊಸ್ಸಾ’, ಅಂದರೆ ದೊಡ್ಡದು. ಮೈಮರೆತು ಮಲಗಿದ ಮನುಷ್ಯರಿಗೂ ಅಲ್ಲಿ ‘ದೊರ್ಮಿರೆ ದೆಲ್ಲಾ ಗ್ರೊಸ್ಸಾ’ ಅನ್ನುತ್ತಾರೆ. ಹುಳುವಿನ ಮನೆಯಿಂದ ಊರಿನ ಬಾಯಿಗೆ ಬಂದ ಮಾತು.

ನನ್ನ ಕಥೆಯಲ್ಲಿ ಅಜ್ಜ ಹುಳುಗಳ ಜೊತೆಗೇ ‘ಗ್ರೊಸ್ಸಾ’ ನಿದ್ದೆ ಹೊಡೆಯುತ್ತಾನೆ. ‘ಜ್ವರಕ್ಕೆ ಕೂತ’ ಅಂತ ಬರೆದರೆ ಗಟ್ಟಿಮುಟ್ಟಾದ ಅಜ್ಜನನ್ನು ಸುಮ್ನೆ ಕಾಯಿಲೆ ಬೀಳಿಸಿದ ಹಾಗೆ. ‘ಕುಂಭಕರ್ಣ’ ಎಂದರೆ ಹುಳುವೇ ಕಾಣೆ! ಸದ್ಯಕ್ಕೆ ‘ಹುಳುನಿದ್ದೆ’ ಎಂದು ಬರೆದಿದ್ದೇನೆ. ನನಗೇ ಅಷ್ಟು ಹಿಡಿಸಿಲ್ಲ.

ಬೇರೆ ಕಡೆ ಇಷ್ಟು ತೊಂದರೆ ಇಲ್ಲ. ಹುಳು ಸತ್ತು ಬೆಳ್ಳಗೆ ಗಟ್ಟಿಯಾಗುವ ರೋಗಕ್ಕೆ ಅವರು ‘ಕಾಲ್ಚಿನೊ’ ಅನ್ನುತ್ತಾರೆ. ಅದು ಸುಣ್ಣದಿಂದ ಬಂದ ಪದ. ನಮ್ಮದು ‘ಸುಣ್ಣಕಟ್ಟು’! ಇದು ಬೂಷ್ಟಿನಿಂದ ಬರುವ ಅಂಟುರೋಗ ಎಂದು ಲೊಂಬಾರ್ಡಿಯದೇ ಊರಾದ ಲೋದಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿಕೊಟ್ಟ. ನಮ್ಮ ಗಂಟುರೋಗ ಮಾತ್ರ ಅಲ್ಲಿ ‘ಪೆಬ್ರಿನಾ’. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ ಬರುತ್ತವೆ, ಅದಕ್ಕೆ. ಈ ರೋಗಕ್ಕೆ ಹೆದರಿಯೇ 1860ರ ದಶಕದಲ್ಲಿ ಇಟಲಿಯ ವ್ಯಾಪಾರಿಗಳು ರೇಷ್ಮೆಹುಳುವಿನ ಒಳ್ಳೇ ಮೊಟ್ಟೆ ತರಲು ಜಪಾನಿನ ಯೊಕೊಹಾಮಾವರೆಗೂ ಹೋಗುತ್ತಿದ್ದರು. ಅವರನ್ನು ‘ಸೆಮಾಯಿ’ ಎಂದು ಕರೆಯುತ್ತಿದ್ದರು, ಬೀಜದವರು ಅಂತ; ಮೊಟ್ಟೆಯೇ ಬೀಜ. ನಾವೂ ಮೊಟ್ಟೆಗೆಂದು ಇಡುವ ಗೂಡಿಗೆ ‘ಬಿತ್ತನೆ ಗೂಡು’ ಅಂತೀವಲ್ಲ, ‘ಬಿತ್ತನೆಯವರು’ ಎಂದರೆ ನಡೆಯುತ್ತೆ ಅಲ್ವಾ?

ರಾಮನಗರ, ಮಾಗಡಿ, ಕೊಳ್ಳೇಗಾಲದ ಕಡೆ ಜ್ವರಕ್ಕೆ ಬೇರೆ ಮಾತೇನಾದರೂ ಇದ್ದರೆ ತಿಳಿಸಿ. ಇನ್ನೊಂದು ಅನುಮಾನ. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞನನ್ನು ಚನ್ನಪಟ್ಟಣಕ್ಕೆ ಕರೆಸಿಕೊಂಡಿತ್ತು. ಆ ಕಾಲದ ರೇಷ್ಮೆ ಸಾಕಣೆಯ ಕನ್ನಡ ಕೈಪಿಡಿ ಯಾರ ಹತ್ತಿರವಾದರೂ ಇದ್ದರೆ, ಅದರಲ್ಲಿ ‘ನಿದ್ದೆ’ ಅಂತ ಇದೆಯಾ ನೋಡಿ ಹೇಳ್ತೀರಾ?