ಎದೆಯ ಎರಡೂ ಬದಿ ಸಮನಾಗಿ ಬೆಳೆಸಿಕೊಂಡವರು ಏನು ಮಾಡಿದಿರಿ?

ಪ್ರಶ್ನೆ: ಕೆಲವು ತಿಂಗಳಿಂದ ಬಾರ್ಬೆಲ್ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ, ಎರಡೂ ತುದಿಗೆ ಭಾರ ಹಾಕಿದ ಉದ್ದ ಸರಳನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುತ್ತಿದ್ದೇನೆ. ಎತ್ತುವ ಭಾರ ಹೆಚ್ಚಿದೆ. ಆದರೆ ಬಲಗಡೆಯ ಎದೆ ಎಡಗಡೆಗಿಂತ ದಪ್ಪ ಕಾಣುತ್ತದೆ, ಕೊರಳೆಲುಬಿನ ಕೆಳಭಾಗ ಚಪ್ಪಟೆಯಾಗಿಯೇ ಉಳಿದಿದೆ, ಅಂಚುಗಳೂ ಎದ್ದು ಕಾಣುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಹೇಳಿ.

ಮೊದಲ ಉತ್ತರ: ನನಗೂ ಬಲಗೈಯೇ ಮುಂದಿತ್ತು. ಬಾರ್ಬೆಲ್ಲಿನಲ್ಲಿ ಎರಡೂ ಕೈಗಳು ಒಂದೇ ಸರಳನ್ನು ತಳ್ಳುವುದರಿಂದ ಬಲವಾದ ಕೈ ನಮಗೆ ತಿಳಿಯದಂತೆ ಹೆಚ್ಚು ಕೆಲಸ ಎಳೆದುಕೊಳ್ಳುತ್ತದೆ. ಒಂದೊಂದು ಕೈಗೆ ಬೇರೆ ಬೇರೆ ಇರುವ ಚಿಕ್ಕ ಭಾರ, ಅಂದರೆ ಡಂಬೆಲ್ ಹಿಡಿದರೆ ಈ ಸಹಾಯ ತಪ್ಪುತ್ತದೆ. ಒಂದೊಂದೇ ಕೈಯಲ್ಲಿ ಪ್ರೆಸ್ ಮಾಡಿ, ಪ್ರತಿ ಸೆಟ್ಟನ್ನೂ (ನಡುವೆ ಬಿಡದೆ ಸತತವಾಗಿ ಮಾಡುವ ಒಂದು ಸುತ್ತು) ಎಡಗೈಯಿಂದಲೇ ಆರಂಭಿಸಿ. ಎಡಗೈ 9 ಸಲಕ್ಕೆ ದಣಿದರೆ ಬಲಗೈಗೂ 9 ಸಾಕು. ಇನ್ನೂ ಶಕ್ತಿ ಇದೆಯಲ್ಲ ಎಂದು ಮನಸ್ಸು ತಕರಾರು ಮಾಡುತ್ತದೆ, ಆದರೂ ನಿಲ್ಲಿಸಿ.

ಮೇಲ್ಭಾಗದ ಮಾತಿಗೆ ಬಂದರೆ, ಎದೆಯ ದೊಡ್ಡ ಸ್ನಾಯುವಿನ ಮೇಲಿನ ನಾರುಗಳು ಕೊರಳೆಲುಬಿನಿಂದ, ಉಳಿದವು ಮುಖ್ಯವಾಗಿ ಎದೆಮೂಳೆ ಮತ್ತು ಪಕ್ಕೆಲುಬಿನ ಮೃದ್ವಸ್ಥಿಗಳಿಂದ ಹೊರಟು ತೋಳಿನ ಮೂಳೆಗೆ ಸೇರುತ್ತವೆ. ಹಾಗಾಗಿ ತಳ್ಳುವ ಕೋನ ಬದಲಾದಂತೆ ಕೆಲಸ ಬೀಳುವ ಭಾಗವೂ ಬದಲಾಗುತ್ತದೆ. ಬೆಂಚಿನ ತಲೆಭಾಗವನ್ನು ಸುಮಾರು 30 ಡಿಗ್ರಿ ಏರಿಸಿ. 45 ಡಿಗ್ರಿ ದಾಟಿದರೆ ಭಾರ ಹೆಚ್ಚಾಗಿ ಭುಜದ ಮುಂಭಾಗಕ್ಕೆ ಹೋಗುತ್ತದೆ.

ಎರಡನೇ ಉತ್ತರ: ಮೇಲಿನ ಮಾತು ಸರಿ. ನಾನು ಸೇರಿಸುವುದು ಬೆನ್ನಿನ ವಿಷಯ. ಮಲಗಿದಾಗ ಹೆಗಲಿನ ಹಿಂದಿನ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಬೆಂಚಿಗೆ ಒತ್ತಿ ಹಿಡಿಯಿರಿ. ಮೊಣಕೈಗಳು ಪೂರ್ತಿ ಅಡ್ಡಕ್ಕೆ ಚಾಚದೆ ಮೈಗೆ ಓರೆಯಾಗಿರಲಿ. ಇದನ್ನು ಪಾಲಿಸಿದ ಮೇಲೆಯೇ ನನ್ನ ಭುಜದ ನೋವು ಹೋಗಿ ಎದೆಗೆ ಕೆಲಸ ತಗಲಿತು. ತಳ್ಳುವಷ್ಟೇ ಎಳೆಯಿರಿ: ಡಂಬೆಲ್ ರೋ (ಮುಂದಕ್ಕೆ ಬಾಗಿ ಡಂಬೆಲ್ಲನ್ನು ಸೊಂಟದತ್ತ ಎಳೆಯುವುದು), ಪುಲ್‌ಅಪ್ (ಸರಳಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವುದು). ಬರೀ ಎದೆಯನ್ನು ದುಡಿಸಿ ಬೆನ್ನನ್ನು ಮರೆತವರ ಭುಜ ಮುಂದಕ್ಕೆ ಬಾಗಿದಂತೆ ಕಾಣುತ್ತದೆ.

ಮೂರನೇ ಉತ್ತರ: ಅಂಚು ಎದ್ದು ಕಾಣಲು ಬೇರೆ ವ್ಯಾಯಾಮವೇನೂ ಇಲ್ಲ. ಸ್ನಾಯುವಿನ ಮೇಲಿನ ಕೊಬ್ಬು ಇಳಿಯಬೇಕು, ಅದು ಇಡೀ ಮೈಯಿಂದ ಇಳಿಯುವಂಥದ್ದು, ಎದೆಯಿಂದಷ್ಟೇ ಇಳಿಸಲಾಗದು. ತಿನ್ನುವುದನ್ನು ಸ್ವಲ್ಪವೇ ಕಡಿಮೆ ಮಾಡಿ, ಆದರೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಉಳಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಎದೆಯ ನಡುವಿನ ಅಂತರ ಸ್ನಾಯು ಮೂಳೆಗೆ ಅಂಟಿದ ಜಾಗದಿಂದ ಬಂದದ್ದು, ಹುಟ್ಟಿನಿಂದಲೇ ಹಾಗಿರುತ್ತದೆ. ಅದನ್ನು ಮುಚ್ಚಲು ಹೊರಟು ವರ್ಷಗಟ್ಟಲೆ ನೊಂದುಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಬೆಂಚ್ ಇಲ್ಲದ ದಿನಗಳಲ್ಲಿ ಏನು ಮಾಡಲಿ? ವಾರಕ್ಕೆ ಎಷ್ಟು ಸಲ?

ಎರಡನೇ ಉತ್ತರ ಕೊಟ್ಟವರು: ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಪುಷ್‌ಅಪ್ ಮಾಡಿ, ಮೇಲೆದೆಗೆ ಒಳ್ಳೆಯದು. ನಿಧಾನವಾಗಿ ಇಳಿಯಿರಿ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು ಇರಲಿ. ಎರಡೂ ದಿನ ಸೇರಿ 10 ಸೆಟ್ಟುಗಳಿಂದ ಆರಂಭಿಸಬಹುದು.

ನಾಲ್ಕನೇ ಉತ್ತರ: ಒಂದು ಎಚ್ಚರಿಕೆ. ಒಂದು ಬದಿಯ ಸ್ನಾಯು ಬಾಲ್ಯದಿಂದಲೇ ಇಲ್ಲದಂತೆ ತೋರಿದರೆ, ಅಥವಾ ಮೊಲೆತೊಟ್ಟಿನ ಹಿಂದೆ ಗಟ್ಟಿಯಾದ ಗಂಟು ಕೈಗೆ ಸಿಕ್ಕರೆ ವ್ಯಾಯಾಮ ಅದಕ್ಕೆ ಪರಿಹಾರವಲ್ಲ. ಮೊದಲು ವೈದ್ಯರಿಗೆ ತೋರಿಸಿ.