ಅಪ್‌ಡೇಟ್: ಬೆಂಗಳೂರು–ಲಂಡನ್ ನಿಜವಾಗ್ಲೂ ಎಷ್ಟು ಗಂಟೆ?

ಅಮ್ಮನ ಜೊತೆ ಹೋಗಿ ಬಂದಾಯ್ತು. ಟಿಕೆಟ್‌ನಲ್ಲಿ ಮಧ್ಯಾಹ್ನ 1:30ಕ್ಕೆ ಹೊರಟು ಸಂಜೆ 7ಕ್ಕೆ ತಲುಪುತ್ತೆ ಅಂತಿತ್ತು. ಅಮ್ಮನ ಶುಗರ್ ಮಾತ್ರೆಗೆ ಹೊತ್ತು ಗೊತ್ತಾಗಬೇಕಿತ್ತು, ಅದಕ್ಕೇ ಪ್ರಯಾಣ ನಿಜವಾಗಿ ಎಷ್ಟು ಗಂಟೆ ಅಂತ ಹೋಗೋ ಮುಂಚೆ ಇಲ್ಲಿ ಕೇಳಿದ್ದೆ.

ದೂರ 8,000 ಕಿ.ಮೀ., ಅದನ್ನು ವಿಮಾನದ ವೇಗ ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ ಅಂತ ಕೆಲವರು ಅಂದಿದ್ರಲ್ಲ, ಅದು ಸರಿಹೋಗಲಿಲ್ಲ. ಒಂಬತ್ತು ಗಂಟೆ ಬರುತ್ತೆ, ಆದ್ರೆ ವಿಮಾನ ನೇರ ಗೆರೆಯಲ್ಲಿ ಹೋಗಲ್ಲ. ರನ್‌ವೇಗೆ ಕಾಯೋದೂ ಸೇರುತ್ತೆ. ಕೆಲಸಕ್ಕೆ ಬಂದಿದ್ದು 'ಎರಡೂ ಊರಿನ ಸಮಯದ ವ್ಯತ್ಯಾಸ ಸೇರಿಸಿ' ಅಂದವರ ಮಾತು. ಟಿಕೆಟ್‌ನಲ್ಲಿರೋದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಹಾಗಾಗಿ ಟಿಕೆಟ್‌ನಲ್ಲಿ ಕಾಣೋ ಐದೂವರೆಗೆ ಅದನ್ನೂ ಸೇರಿಸಿದ್ರೆ ಒಟ್ಟು ಹನ್ನೊಂದು ಗಂಟೆ. ಮಾತ್ರೆಗೆ ಫೋನಿನಲ್ಲಿ ಭಾರತದ ಸಮಯಕ್ಕೇ ಅಲಾರಂ ಇಟ್ಟೆವು, ಆರಾಮಾಗಿ ಆಯ್ತು.

ಆಶ್ಚರ್ಯ ಆಗಿದ್ದು ವಾಪಸ್ ಬರುವಾಗ. ಹತ್ತೇ ಗಂಟೆ! ಭೂಮಿ ತಿರುಗೋದ್ರಿಂದ ಅಂತ ಒಬ್ರು ಬರೆದಿದ್ರು. ಅದಲ್ಲ, ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ ಅಲ್ವಾ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತೆ. ಸೀಟಿನ ಮುಂದಿನ ಪರದೆಯಲ್ಲಿ ವೇಗ ಗಂಟೆಗೆ 1,000 ಕಿ.ಮೀ. ದಾಟಿದ್ದನ್ನು ಅಮ್ಮನೇ ತೋರಿಸಿದ್ರು.

ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಮಾತ್ರ ಹಿಂದೆ, ಆಗ ಹೋಗೋರು ಅಷ್ಟೇ ಸೇರಿಸಿ.